ಕೊನೆಗೆ ಜಳಕ ಮಾಡುವವರು ಯಾರು?

(ಶ್ರೀಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ‘ನನ್ನ ಕಾಯಕ’ ಮಾಲಿಕೆಯಡಿ ಆಡಿದ ಮಾತುಗಳ ಬರಹರೂಪ)

 

ನಾನು ಉಪನ್ಯಾಸಕನಲ್ಲ. ಗೀಜರ್, ಸೋಲಾರ್ ರಿಪೇರಿ ಮಾಡುವವನು. ಈ ವೇದಿಕೆಯ ಮೇಲೆ ಪ್ರಾಧ್ಯಾಪಕರು, ವೈದ್ಯರು, ವಚನ ಸಾಹಿತ್ಯವನ್ನು ಆಳವಾಗಿ ಓದಿದವರು ಮಾತಾಡಿದ್ದನ್ನು ನೀವು ಕೇಳಿದ್ದೀರಿ. ನಾನು ಇಲ್ಲಿ ನಿಂತದ್ದು ಹೇಗೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ.

ಮೂರು ತಿಂಗಳ ಹಿಂದೆ ಪ್ರಸಾದನಿಲಯದ ಮಾಳಿಗೆಯ ಮೇಲಿನ ಸೋಲಾರ್ ನೋಡಲು ಬಂದಿದ್ದೆ. ಬಿಸಿಲಿನಲ್ಲಿ ಕೂತು ಪೈಪ್ ಬಿಚ್ಚುತ್ತಿದ್ದಾಗ ಅಪ್ಪಗಳೇ ಮೇಲೆ ಬಂದರು. ಸ್ವಲ್ಪ ಹೊತ್ತು ನೋಡಿದರು. ಆಮೇಲೆ, “ಇದಕ್ಕ ಪಂಪಿಲ್ಲ, ಕರೆಂಟಿಲ್ಲ. ನೀರು ಮ್ಯಾಲಿನ ಟ್ಯಾಂಕಿಗೆ ಹೆಂಗ ಹತ್ತತೈತಿ?” ಎಂದು ಕೇಳಿದರು. ಮೂವತ್ತು ವರ್ಷದಲ್ಲಿ ಸಾವಿರಾರು ಮನೆಯ ಮಾಳಿಗೆ ಹತ್ತಿದ್ದೇನೆ, ಈ ಪ್ರಶ್ನೆ ಕೇಳಿದವರು ಬೆರಳೆಣಿಕೆಯಷ್ಟು. ನಾನು ಹೇಳಿದೆ: “ಬಿಸಿನೀರು ಹಗುರ ರೀ ಅಪ್ಪಾರ, ತಣ್ಣೀರು ಭಾರ. ತಣ್ಣೀರು ತನ್ನ ಭಾರಕ್ಕ ಕೆಳಗ ಇಳೀತೈತಿ, ಬಿಸಿನೀರನ್ನ ಮ್ಯಾಲ ದೂಡತೈತಿ.” ಅದಕ್ಕಾಗಿಯೇ ಟ್ಯಾಂಕು ಯಾವಾಗಲೂ ಫಲಕಕ್ಕಿಂತ ಮೇಲಿರಬೇಕು. ಗಾಳಿಗೆ ಬೀಳದಿರಲಿ ಎಂದು ಕೆಲವರು ಟ್ಯಾಂಕನ್ನು ಕೆಳಗೆ ಇಳಿಸಿ ಕೂಡಿಸುತ್ತಾರೆ. ಆಗ ದಿನವಿಡೀ ಬಿಸಿಲು ಬಡಿದರೂ ನೀರು ತಿರುಗುವುದೇ ಇಲ್ಲ.

ಅಪ್ಪಗಳು ಮತ್ತೆ ಕೇಳಿದರು, “ಹಂಗಾದ್ರ ನಮ್ಮ ಹುಡುಗರಿಗೆ ಬಿಸಿನೀರು ಯಾಕ ಸಾಲವಲ್ದು? ಇನ್ನೊಂದು ಸೋಲಾರ್ ಹಾಕಬೇಕೇನು?”

ಇಲ್ಲಿ ನನ್ನ ಉದ್ಯೋಗದ ಒಂದು ಗುಟ್ಟು ಹೇಳಬೇಕು. “ಹೌದ್ರಿ, ಹಾಕಬೇಕು” ಅಂದಿದ್ದರೆ ಯಾರೂ ಪ್ರಶ್ನಿಸುತ್ತಿರಲಿಲ್ಲ. ಮಠಕ್ಕೆ ಭಕ್ತರು ಕೊಡುತ್ತಾರೆ, ನನಗೂ ನಾಲ್ಕು ಕಾಸು ಉಳಿಯುತ್ತಿತ್ತು. ನಾನು ಮಾತ್ರ ಪ್ರತಿ ಮನೆಯಲ್ಲಿ ಕೇಳುವ ಪ್ರಶ್ನೆಯನ್ನೇ ಅಲ್ಲೂ ಕೇಳಿದೆ: “ಎಲ್ಲಾರಕಿಂತ ಕೊನೀಗೆ ಜಳಕ ಮಾಡೋರು ಯಾರ್ರಿ?” ವಾರ್ಡನ್ನರು, ಐದನೇ ಇಯತ್ತೆಯ ಸಣ್ಣ ಹುಡುಗರು ಎಂದರು. ಅರವತ್ತು ಹುಡುಗರಿಗೆ ಸಾವಿರ ಲೀಟರ್ ನೀರು. ಒಬ್ಬೊಬ್ಬರಿಗೆ ಹದಿನಾರು ಲೀಟರ್, ಅಂದರೆ ಒಂದು ಬಕೆಟ್ಟು. ತಣ್ಣೀರು ಬೆರೆಸಿಕೊಂಡರೆ ಧಾರಾಳ ಸಾಕು. ದೊಡ್ಡ ಹುಡುಗರು ಮೊದಲು ಹೋಗಿ ಎರಡೆರಡು ಬಕೆಟ್ ಸುರಿದುಕೊಳ್ಳುತ್ತಿದ್ದರು. ಕಾಲೇಜಿಗೆ ಹೋಗುವವರಿಗೆ ಹಬೆಯಾಡುವ ನೀರು, ಹತ್ತು ವರ್ಷದ ಮಕ್ಕಳಿಗೆ ತಣ್ಣೀರು. ಹೊಸ ಸೋಲಾರ್ ಬೇಕಿರಲಿಲ್ಲ, ಸರದಿ ತಿರುಗಿಸಬೇಕಿತ್ತು. ಮರುದಿನದಿಂದ ಸಣ್ಣವರು ಮೊದಲು ಎಂದು ಅಪ್ಪಗಳು ಅಪ್ಪಣೆ ಮಾಡಿದರು. ನನಗೆ, “ಇದನ್ನ ಶಿವಾನುಭವದಾಗ ಬಂದು ಹೇಳ್ರಿ” ಎಂದರು.

ಈ ಪ್ರಶ್ನೆಯನ್ನು ನಾನು ಯಾವ ಪುಸ್ತಕದಿಂದಲೂ ಕಲಿತಿಲ್ಲ. ನಮ್ಮ ಮನೆಯ ಬಚ್ಚಲಿನಿಂದ ಕಲಿತೆ.

ನಮ್ಮದು ರೋಣ ತಾಲ್ಲೂಕಿನ ಎರೆಹೊಲದ ಊರು. ಮನೆಯ ಹಿಂದೆ ಬಚ್ಚಲು, ಅದರಲ್ಲಿ ಒಲೆಯ ಮೇಲೆ ಹೂತ ತಾಮ್ರದ ಹಂಡೆ. ಉರುವಲಿಗೆ ಹತ್ತಿಕಟಗಿ, ಕುಳ್ಳು. ಅವ್ವ ಕೋಳಿ ಕೂಗುವ ಹೊತ್ತಿಗೆ ಎದ್ದು ಉರಿ ಹಚ್ಚುತ್ತಿದ್ದಳು. ಮೊದಲು ಅಜ್ಜ, ಆಮೇಲೆ ಅಪ್ಪ, ಕಾಕಾ, ಆಮೇಲೆ ಸಾಲಿಗೆ ಹೋಗುವ ನಾವು. ಒಬ್ಬೊಬ್ಬರ ಜಳಕ ಆದಂತೆ ಹಂಡೆಗೆ ಎರಡು ಕೊಡ ತಣ್ಣೀರು ಸುರಿಯುವವಳೂ ಅವ್ವನೇ. ಎಲ್ಲರದೂ ಮುಗಿದು ಅವಳ ಸರದಿ ಬರುವಾಗ ಕಟಗಿ ಬೂದಿಯಾಗಿರುತ್ತಿತ್ತು, ನೀರು ಉಗುರುಬೆಚ್ಚಗೂ ಇರುತ್ತಿರಲಿಲ್ಲ. ಅವಳು ಒಂದು ದಿನವೂ ದೂರಲಿಲ್ಲ. ನಾನೂ ಒಂದು ದಿನ ನೋಡಲಿಲ್ಲ. ಈ ಉದ್ಯೋಗಕ್ಕೆ ಬಂದು ಹತ್ತು ವರ್ಷವಾದ ಮೇಲೆ, ಒಬ್ಬರ ಮನೆಯಲ್ಲಿ ಎಷ್ಟು ಲೀಟರಿನ ಟ್ಯಾಂಕ್ ಬೇಕು ಎಂದು ಲೆಕ್ಕ ಹಾಕುತ್ತಿದ್ದಾಗ ಅದು ಥಟ್ಟನೆ ನೆನಪಾಯಿತು. ಮನೆಯ ಯಜಮಾನರು “ನಾವು ನಾಲ್ಕು ಮಂದಿ” ಎಂದರು. ಒಳಗಿನಿಂದ ಸೊಸೆ ಮೆಲ್ಲಗೆ, “ನಾಲ್ಕಲ್ರಿ, ಐದು” ಎಂದಳು. ಅವರು ಆಕೆಯನ್ನು ಎಣಿಸಿಯೇ ಇರಲಿಲ್ಲ.

ಅಂದಿನಿಂದ ಟ್ಯಾಂಕಿನ ಅಳತೆ ಕೇಳಿದವರಿಗೆ ನಾನು ಮಂದಿ ಎಷ್ಟು ಎಂದು ಕೇಳುವುದಿಲ್ಲ. ಕೊನೆಗೆ ಜಳಕ ಮಾಡುವವರು ಯಾರು, ಎಷ್ಟು ಗಂಟೆಗೆ ಎಂದು ಕೇಳುತ್ತೇನೆ. ಉತ್ತರ ಹೇಳುವಾಗ ಬಹಳ ಮನೆಗಳಲ್ಲಿ ಯಜಮಾನರು ಅಡುಗೆಮನೆಯ ಕಡೆ ತಿರುಗಿ ನೋಡುತ್ತಾರೆ.

ನಾನು 1991ರಲ್ಲಿ ಐ.ಟಿ.ಐ. ಮುಗಿಸಿ ಹುಬ್ಬಳ್ಳಿಯಲ್ಲಿ ಒಬ್ಬ ಉಸ್ತಾದರ ಕೈಕೆಳಗೆ ಸೇರಿದೆ. ಐದು ಹೊತ್ತು ನಮಾಜು ಮಾಡುವವರು, ಬೈಗುಳಕ್ಕೂ ಕೊರತೆ ಮಾಡುತ್ತಿರಲಿಲ್ಲ. ನೀರು, ಕರೆಂಟು, ಬೆಂಕಿ ಈ ಮೂರನ್ನೂ ಒಂದೇ ಡಬ್ಬಿಯಲ್ಲಿ ಇಡುವ ಉದ್ಯೋಗ ನಮ್ಮದು, ಎಚ್ಚರ ತಪ್ಪಿದರೆ ಮೂರರಲ್ಲಿ ಒಂದು ಕೊಲ್ಲುತ್ತದೆ ಎಂದು ಅವರು ಮೊದಲ ದಿನವೇ ಹೇಳಿದರು. ಅರ್ಥಿಂಗ್ ಇಲ್ಲದ ಮನೆಯಲ್ಲಿ ಅವರು ಗೀಜರ್ ಕೂಡಿಸುತ್ತಿರಲಿಲ್ಲ. ಡಬ್ಬಿ ಹೊತ್ತುಕೊಂಡು ವಾಪಸ್ ಬರುತ್ತಿದ್ದರು. ಅವತ್ತಿನ ಕೂಲಿ ಹೋಯಿತೆಂದು ನನಗೆ ಸಿಟ್ಟು ಬರುತ್ತಿತ್ತು.

ಈಗ ತಾಯಂದಿರಿಗೆ ಉಪಯೋಗವಾಗುವ ಒಂದೆರಡು ಮಾತು. ನಮ್ಮ ಭಾಗದ ಬೋರ್‌ವೆಲ್ ನೀರಿನಲ್ಲಿ ಸುಣ್ಣದ ಅಂಶ ಬಹಳ. ನೀರು ಕಾದಾಗ ಅದು ಕಾಯಿಲಿನ ಮೇಲೆ ಬಿಳಿ ಪದರವಾಗಿ ಕೂಡುತ್ತದೆ. “ಸುಣ್ಣ ಕಟ್ಟಿದರೆ ಕರೆಂಟ್ ಬಿಲ್ ಎರಡು ಪಟ್ಟು ಬರುತ್ತದೆ” ಎಂದು ಹೆದರಿಸಿ ದುಡ್ಡು ಕೀಳುವವರು ನಮ್ಮಲ್ಲಿ ಇದ್ದಾರೆ. ನಾನೂ ಹೇಳಿದ್ದೇನೆ, ಸುಳ್ಳೇಕೆ. ನಿಜ ಸಂಗತಿ ಬೇರೆ. ಕಾಯಿಲು ನೀರಿನಲ್ಲೇ ಮುಳುಗಿರುವುದರಿಂದ ಅದರ ಕಾವು ಹೇಗಿದ್ದರೂ ನೀರಿಗೇ ಹೋಗಬೇಕು. ಇಪ್ಪತ್ತೈದು ಲೀಟರ್ ತಣ್ಣೀರನ್ನು ಅರವತ್ತು ಡಿಗ್ರಿಗೆ ಕಾಯಿಸಲು ಒಂದು ಯೂನಿಟ್ಟಿಗಿಂತ ತುಸು ಹೆಚ್ಚು ಬೇಕು, ಸುಣ್ಣ ಇದ್ದರೂ ಸುಮಾರು ಅಷ್ಟೇ. ಆದರೆ ಸುಣ್ಣದ ಅಂಗಿ ತೊಟ್ಟ ಕಾಯಿಲಿಗೆ ಕಾವು ಬಿಡಲಾಗದೆ ಒಳಗೇ ಸುಟ್ಟುಹೋಗುತ್ತದೆ. ಅದಕ್ಕಾಗಿ ವರ್ಷಕ್ಕೊಮ್ಮೆ, ಎರಡು ವರ್ಷಕ್ಕೊಮ್ಮೆ ಬಿಚ್ಚಿ ತೊಳೆಸಿದರೆ ಸಾಕು. ಹಾಗೆಯೇ ಟ್ಯಾಂಕಿನೊಳಗೆ ಮೆಗ್ನೀಸಿಯಮ್ಮಿನ ಒಂದು ಸಲಾಕೆ ಇರುತ್ತದೆ. ಟ್ಯಾಂಕಿಗೆ ಹಿಡಿಯಬೇಕಾದ ತುಕ್ಕನ್ನು ತಾನು ತೆಗೆದುಕೊಂಡು ಸವೆಯುವುದೇ ಅದರ ಕೆಲಸ. ಅದು ಸವೆದು ತಂತಿಯಾದಾಗ ಬದಲಿಸಿದರೆ ಟ್ಯಾಂಕು ಉಳಿಯುತ್ತದೆ. ಬದಲಿಸಿ ಎಂದು ಯಾರೂ ಹೇಳುವುದಿಲ್ಲ, ಏಕೆಂದರೆ ಟ್ಯಾಂಕು ತೂತು ಬಿದ್ದರೆ ಹೊಸ ಗೀಜರ್ ಮಾರಬಹುದಲ್ಲ.

ಇನ್ನು ಗೀಜರಿನ ಸೇಫ್ಟಿ ವಾಲ್ವ್‌ನಿಂದ ಹನಿ ಹನಿ ನೀರು ತೊಟ್ಟಿಕ್ಕಿದರೆ ದಯವಿಟ್ಟು ಅದಕ್ಕೆ ಪ್ಲಗ್ ಹಾಕಿಸಿ ಮುಚ್ಚಿಸಬೇಡಿರಿ. ಒಳಗೆ ಒತ್ತಡ ಹೆಚ್ಚಾದಾಗ ಹೊರಗೆ ಬಿಡಲೆಂದೇ ಅದಿರುವುದು. ಅನ್ನ ಕುದಿಯುವಾಗ ಕುಕ್ಕರಿನ ಸೀಟಿಯನ್ನು ಯಾರಾದರೂ ಕಟ್ಟಿಹಾಕುತ್ತಾರೆಯೇ?

ಸೋಲಾರಿನ ಬಗ್ಗೆ ಒಂದು ನಗುವ ಸಂಗತಿ. ಸೋಲಾರ್ ಇದ್ದ ಮನೆಗೆ ಕರೆಂಟ್ ಬಿಲ್ಲಿನಲ್ಲಿ ಯೂನಿಟ್ಟಿಗೆ 50 ಪೈಸೆಯಂತೆ, ತಿಂಗಳಿಗೆ 50 ರೂಪಾಯಿ ಮೀರದಂತೆ ರಿಯಾಯಿತಿ ಕೊಡುತ್ತಿದ್ದರು. ಒಬ್ಬ ಹಿರಿಯರ ಮನೆಯ ಸೋಲಾರ್ ಕೆಟ್ಟು ನಾಲ್ಕು ವರ್ಷವಾಗಿತ್ತು, ಗಾಜು ಒಡೆದು ಪಾರಿವಾಳ ಗೂಡು ಕಟ್ಟಿದ್ದವು. ರಿಪೇರಿ ಮಾಡಲೇ ಎಂದರೆ, “ಬ್ಯಾಡೋ ತಮ್ಮಾ, ಐವತ್ತು ರೂಪಾಯಿ ಬರತಾವಲ್ಲ, ಇರಲಿ ಬಿಡು” ಎಂದರು. ಕೆಳಗೆ ಅವರ ಮನೆಯವರು ಕಟ್ಟಿಗೆಯ ಒಲೆಯಲ್ಲೇ ನೀರು ಕಾಯಿಸುತ್ತಿದ್ದರು.

ಇಷ್ಟು ಸಾಕು. ನಾನು ಹೇಳಬೇಕೆಂದು ಬಂದದ್ದು ಗ್ಯಾಸ್ ಗೀಜರಿನ ಸಂಗತಿ. ಇದನ್ನು ಹೇಳಲೋ ಬೇಡವೋ ಎಂದು ಹದಿನೈದು ದಿನ ತೂಗಿ ನೋಡಿದ್ದೇನೆ.

ಹಂಡೆಯ ಕಾಲದಲ್ಲಿ ಬೆಂಕಿಯೇ ನಮಗೆ ಎಚ್ಚರಿಕೆ ಕೊಡುತ್ತಿತ್ತು. ಹೊಗೆ ತುಂಬಿದರೆ ಕಣ್ಣು ಉರಿದು, ಕೆಮ್ಮು ಬಂದು ಹೊರಗೆ ಓಡಿ ಬರುತ್ತಿದ್ದೆವು. ಗ್ಯಾಸಿಗೆ ಹೊಗೆ ಇಲ್ಲ. ಸಿಲಿಂಡರ್ ಸೋರಿದರೆ ನಾತ ಬರುತ್ತದಲ್ಲ ಎನ್ನುತ್ತೀರಿ. ಅದು ಉರಿಯದ ಗ್ಯಾಸಿನ ವಾಸನೆ, ನಮಗೆ ತಿಳಿಯಲಿ ಎಂದೇ ಬೆರೆಸಿರುತ್ತಾರೆ. ಉರಿದ ಮೇಲೆ ಆ ವಾಸನೆ ಇರುವುದಿಲ್ಲ. ಉರಿಯುವಾಗ ಗಾಳಿ ಕಡಿಮೆ ಬಿದ್ದರೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷದ ಗಾಳಿ ಹುಟ್ಟುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಕಣ್ಣು ಉರಿಸುವುದಿಲ್ಲ, ಕೆಮ್ಮು ಬರಿಸುವುದಿಲ್ಲ. ನಮ್ಮ ರಕ್ತ ಪ್ರಾಣವಾಯುವನ್ನು ಹಿಡಿದುಕೊಳ್ಳುವುದಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ. ತಲೆ ಭಾರವಾಗುತ್ತದೆ, ವಾಕರಿಕೆ ಬಂದಂತಾಗುತ್ತದೆ, ಕಾಲು ಸೋಲುತ್ತವೆ. ಬಾಗಿಲ ಚಿಲಕ ಮೂರು ಅಡಿ ದೂರದಲ್ಲಿದ್ದರೂ ಕೈ ಹೋಗುವುದಿಲ್ಲ.

ಒಂದು ಲೆಕ್ಕ ಹೇಳುತ್ತೇನೆ. ಗ್ಯಾಸ್ ಗೀಜರ್ ನೋಡಲು ಸಣ್ಣ ಡಬ್ಬಿ. ಆದರೆ ಅಡುಗೆ ಒಲೆಯ ಐದಾರು ಬರ್ನರ್‌ಗಳನ್ನು ಒಟ್ಟಿಗೆ ಹಚ್ಚಿದಷ್ಟು ಉರಿ ಅದರದು. ಐದು ಅಡಿ ಅಗಲ, ಆರು ಅಡಿ ಉದ್ದ, ಎಂಟು ಅಡಿ ಎತ್ತರದ ಬಚ್ಚಲಿನಲ್ಲಿ 240 ಘನ ಅಡಿ ಗಾಳಿ ಇರುತ್ತದೆ. ಹತ್ತು ನಿಮಿಷ ಗೀಜರ್ ಉರಿದರೆ ಅದರಲ್ಲಿ ಕಾಲುಭಾಗಕ್ಕೂ ಹೆಚ್ಚಿನ ಗಾಳಿಯನ್ನು ಅದು ಬಳಸುತ್ತದೆ. ಕಿಟಕಿ ಮುಚ್ಚಿದ ಬಚ್ಚಲಿನಲ್ಲಿ ಒಬ್ಬರಾದ ಮೇಲೊಬ್ಬರು ಮೂವರು ಜಳಕ ಮಾಡಿ ಹೊರಬಂದರೆ ನಾಲ್ಕನೆಯವರಿಗೆ ಉಳಿಯುವುದು ಎಂಥ ಗಾಳಿ ಎಂದು ನೀವೇ ಯೋಚಿಸಿರಿ. ಮೊದಲು ಹೋದವರಿಗೆ ಬಹಳ ಸಲ ಏನೂ ಆಗದೆ ಇರಬಹುದು. “ನಾನೂ ಅದರಾಗ ಜಳಕ ಮಾಡೇನಿ, ನನಗೇನಾತು?” ಎಂದು ಕೇಳುವವರು ಯಾವಾಗಲೂ ಮೊದಲು ಹೋದವರೇ.

ಬಾಣಂತಿಯ ಕೋಣೆಯಲ್ಲಿ ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಕೆ ಇಡುವ ರೂಢಿ ನಮ್ಮಲ್ಲಿ ಇನ್ನೂ ಇದೆ. ಗಾಳಿ ಆಡಬಾರದೆಂದು ಕಿಟಕಿಯ ಸಂದಿಗೆಲ್ಲ ಅರಿವೆ ತುರುಕುತ್ತಾರೆ. ಕೆಂಡವೂ ಅದೇ ವಿಷವನ್ನು ಕಾರುತ್ತದೆ. ಬೆಚ್ಚಗಿಡುವುದು ಒಳ್ಳೆಯದೇ, ಹಿರಿಯರು ಪ್ರೀತಿಯಿಂದಲೇ ಮಾಡುತ್ತಾರೆ. ಆದರೆ ಬಾಣಂತಿ ತಲೆನೋವು, ವಾಕರಿಕೆ ಎಂದರೆ ದೃಷ್ಟಿ ತೆಗೆಯುವ ಮೊದಲು ಕೆಂಡವನ್ನು ಹೊರಗೆ ತಂದು ಕಿಟಕಿ ತೆರೆಯಿರಿ. ಕೂಸಿಗೆ ತಲೆನೋವೆಂದು ಹೇಳಲು ಬಾಯಿಲ್ಲ.

2004ರ ಡಿಸೆಂಬರಿನ ಮಾತು. ಆಗ ನಾನು ಧಾರವಾಡದಲ್ಲಿ ಸ್ವಂತ ಅಂಗಡಿ ಇಟ್ಟುಕೊಂಡಿದ್ದೆ. ಬೋರ್ಡಿನ ಮೇಲೆ ಕಾಯಕವೇ ಕೈಲಾಸ ಎಂದು ದೊಡ್ಡ ಅಕ್ಷರದಲ್ಲಿ ಬರೆಸಿದ್ದೆ. ಗ್ಯಾಸ್ ಗೀಜರ್ ಚೆನ್ನಾಗಿ ಮಾರಾಟವಾಗುತ್ತಿದ್ದ ಕಾಲ. ಕರೆಂಟಿನ ಕಣ್ಣಾಮುಚ್ಚಾಲೆ, ಸೋಲಾರಿಗೆ ದೊಡ್ಡ ಖರ್ಚು, ಇದಕ್ಕಾದರೆ ಎರಡು ಸೆಲ್ ಹಾಕಿದರೆ ನಲ್ಲಿ ತಿರುಗಿಸಿದ ಕೂಡಲೇ ಬಿಸಿನೀರು. ಬಾಡಿಗೆ ಮನೆಯಲ್ಲಿದ್ದ ಒಬ್ಬ ಮಾಸ್ತರರು ಒಂದನ್ನು ಕೊಂಡರು. ಕೂಡಿಸಲು ಹೋದೆ. ಪೆಟ್ಟಿಗೆಯೊಳಗಿನ ಕಾಗದದಲ್ಲಿ, ಗಾಳಿಯಾಡುವ ಜಾಗದಲ್ಲಿ ಕೂಡಿಸಬೇಕು, ಮುಚ್ಚಿದ ಬಚ್ಚಲಿನೊಳಗೆ ಬೇಡ ಎಂದು ಬರೆದಿತ್ತು. ಇಂಗ್ಲಿಷಿನಲ್ಲಿತ್ತು. ಅಷ್ಟು ಇಂಗ್ಲಿಷು ನನಗೆ ಬರುತ್ತಿತ್ತು. ಹೊರಗೆ ಹಿತ್ತಲಿನಲ್ಲಿ ಕೂಡಿಸಬೇಕೆಂದರೆ ಗೋಡೆ ಕೊರೆಯಬೇಕು, ಹನ್ನೆರಡು ಅಡಿ ಪೈಪು ಬೇಕು. ಮನೆಯ ಮಾಲೀಕರು ಗೋಡೆ ಮುಟ್ಟಬೇಡಿ ಎಂದಿದ್ದರು. ಮಾಸ್ತರರು, “ಒಳಗ ಹಾಕಿಬಿಡ್ರಿ ಮೇಸ್ತ್ರಿ” ಎಂದರು. ಅವತ್ತು ನನಗೆ ಇನ್ನೂ ಎರಡು ಕಡೆ ಕೆಲಸವಿತ್ತು. ಹಾಕಿಬಿಟ್ಟೆ. ಹೊರಡುವಾಗ, “ವೆಂಟಿಲೇಟರ್ ತೆರೆದಿಡ್ರಿ” ಎಂದು ಬಾಯಿಮಾತಿಗೆ ಹೇಳಿದೆ. ಯಾಕೆ ಎಂದು ಹೇಳಲಿಲ್ಲ. ಆ ಕಾಗದವನ್ನು ಮಡಚಿ ಥರ್ಮಾಕೋಲಿನ ಜೊತೆ ಪೆಟ್ಟಿಗೆಯಲ್ಲೇ ಇಟ್ಟು ಬಂದೆ. ಮುನ್ನೂರೈವತ್ತು ರೂಪಾಯಿ ಬಾಕಿ ಉಳಿದಿತ್ತು.

ಚಳಿ ಹೆಚ್ಚಾಯಿತು. ತಣ್ಣನೆ ಗಾಳಿ ಬರುತ್ತದೆಂದು ಅವರು ವೆಂಟಿಲೇಟರಿಗೆ ಹಳೆಯ ಕ್ಯಾಲೆಂಡರಿನ ರಟ್ಟು ಬಡಿದರು. ಒಂದು ಭಾನುವಾರ ಮಾಸ್ತರರು, ಇಬ್ಬರು ಗಂಡುಮಕ್ಕಳು ಜಳಕ ಮುಗಿಸಿ ಬಂದ ಮೇಲೆ ಕೊನೆಗೆ ಮಗಳು ಹೋದಳು. ಪಿ.ಯು.ಸಿ. ಎರಡನೇ ವರ್ಷ. ಭಾನುವಾರವಲ್ಲವೇ, ತಲೆಗೆ ಎರೆದುಕೊಳ್ಳುವುದಿತ್ತು, ಹೊತ್ತು ಹಿಡಿಯಿತು. ಬಕೆಟ್ಟು ತುಂಬಿ ಚೆಲ್ಲುವ ಸಪ್ಪಳ ನಿಲ್ಲದಿದ್ದಾಗ ತಾಯಿ ಬಾಗಿಲು ಬಡಿದಳು. ಉತ್ತರವಿಲ್ಲ. ಚಿಲಕ ಮುರಿದು ಒಳಗೆ ಹೋದರೆ ಹುಡುಗಿ ಬಿದ್ದಿದ್ದಳು, ಕೈಕಾಲು ಸೆಟೆದಿದ್ದವು.

ಆಸ್ಪತ್ರೆಗೆ ಒಯ್ದರು. ಹುಡುಗಿ ಬದುಕಿದಳು. ಅಲ್ಲಿ ಅದನ್ನು ಮೂರ್ಛೆರೋಗ ಎಂದು ತಿಳಿದು ಮಾತ್ರೆ ಬರೆದುಕೊಟ್ಟರು. ಗೀಜರಿನ ಸಂಗತಿ ಅವರಿಗೆ ಯಾರೂ ಹೇಳಿರಲಿಲ್ಲ, ಹೇಳಬೇಕೆಂದು ಮನೆಯವರಿಗೆ ಗೊತ್ತೂ ಇರಲಿಲ್ಲ. ಮನೆಗೆ ಬಂದ ಸಂಬಂಧಿಕರು, “ಹುಡುಗಿಗೆ ಗಾಳಿ ಸೋಕೈತಿ” ಎಂದರು. ಎಲ್ಲಿಗೋ ಕರೆದೊಯ್ದು ತೋಳಿಗೆ ತಾಯತ ಕಟ್ಟಿಸಿದರು. ಗಾಳಿ ಸಿಗದೆ ಬಿದ್ದ ಹುಡುಗಿಗೆ ಗಾಳಿ ಸೋಕಿತೆಂದು ತಾಯತ.

ಇದೆಲ್ಲ ನನಗೆ ಗೊತ್ತಾದದ್ದು ಮಾಸ್ತರರಿಂದಲೇ. ಹದಿನೈದು ದಿನದ ನಂತರ ಅಂಗಡಿಗೆ ಬಂದರು. “ತಡ ಆತು ಮೇಸ್ತ್ರಿ, ಮಗಳಿಗೆ ಆರಾಮಿರಲಿಲ್ಲ. ನಿಮ್ಮ ಬಾಕಿ ಉಳದಿತ್ತು ನೋಡ್ರಿ,” ಎಂದು ಮುನ್ನೂರೈವತ್ತು ರೂಪಾಯಿ ಎಣಿಸಿ ಮೇಜಿನ ಮೇಲಿಟ್ಟರು. ಆಗಿದ್ದನ್ನೆಲ್ಲ ಹೇಳಿದರು. ಬಚ್ಚಲಿನಲ್ಲಿ ಬಿದ್ದಳು ಎಂದ ಕೂಡಲೇ ನನಗೆ ತಿಳಿದುಹೋಯಿತು. ಮೈಯೆಲ್ಲ ತಣ್ಣಗಾಯಿತು. ಅವರ ಮುಖದಲ್ಲಿ ನನ್ನ ಮೇಲೆ ಎಳ್ಳಷ್ಟು ಸಂಶಯವಿರಲಿಲ್ಲ. ನಾನು ಬಾಯಿ ತೆರೆಯಲಿಲ್ಲ. ದುಡ್ಡು ತೆಗೆದುಕೊಂಡೆ. ರಸೀತಿಯನ್ನೂ ಬರೆದುಕೊಟ್ಟೆ.

ಆಯ್ದಕ್ಕಿ ಮಾರಯ್ಯನವರು ಹೆಚ್ಚಿಗೆ ತಂದ ಅಕ್ಕಿಯನ್ನು ಲಕ್ಕಮ್ಮನವರು ಮರಳಿ ಸುರಿದು ಬರಲು ಕಳಿಸಿದ ಕಥೆಯನ್ನು ಈ ಮಠದಲ್ಲಿ ಎಷ್ಟು ಸಲ ಕೇಳಿದ್ದೇವೆ. ನಾನು ಮಾರಯ್ಯನಲ್ಲ, ಆ ಹೆಸರೆತ್ತುವ ಯೋಗ್ಯತೆಯೂ ನನಗಿಲ್ಲ. ಆದರೆ ಆ ರಾತ್ರಿ ಊಟ ಬಿಟ್ಟು ಕೂತಾಗ ನನ್ನ ಮನೆಯಾಕೆ ಬಿಡದೆ ಕೇಳಿದಳು. ಹೇಳಿದೆ. ಆಕೆ ಬಹಳ ಹೊತ್ತು ಸುಮ್ಮನಿದ್ದು, “ರೊಕ್ಕದ ಮಾತು ಆಮ್ಯಾಲ. ನಾಳೆ ಅವರು ಜಳಕ ಮಾಡೋದ್ರೊಳಗ ಹೋಗಿ ಆ ಡಬ್ಬಿ ಕಿತ್ತು ಬರ್ರಿ,” ಎಂದಳು.

ಬೆಳಗಾಗುವ ಮೊದಲೇ ಹೋದೆ. “ಕಂಪನಿಯವರು ಹೊರಗ ಕೂಡಸ್ರಿ ಅಂದಾರ, ಫ್ರೀ ಸರ್ವಿಸ್” ಎಂದು ಸುಳ್ಳು ಹೇಳಿದೆ. ಮಾಲೀಕರ ಕೈಕಾಲು ಹಿಡಿದು ಗೋಡೆ ಕೊರೆದೆ, ನನ್ನ ಖರ್ಚಿನಲ್ಲಿ ಪೈಪು ಹಾಕಿ ಗೀಜರನ್ನು ಹಿತ್ತಲ ಗೋಡೆಗೆ ಕೂಡಿಸಿದೆ. ವೆಂಟಿಲೇಟರಿನ ರಟ್ಟು ಕಿತ್ತೆ. ಮಾಸ್ತರರ ಹೆಂಡತಿ ಚಹಾ ಕೊಟ್ಟಳು. ಹುಡುಗಿ ಪಡಸಾಲೆಯಲ್ಲಿ ಕೂತು ಓದುತ್ತಿದ್ದಳು, ತೋಳಿನಲ್ಲಿ ಕರಿ ದಾರದ ತಾಯತ. ನಿಜ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಹೇಳಲಿಲ್ಲ. ಮುಂದೆ ಅಪಾಯವಿಲ್ಲವಲ್ಲ, ನನ್ನ ತಪ್ಪು ತಿದ್ದಿಕೊಂಡೆನಲ್ಲ, ಇನ್ನೇನು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅಂಗಡಿಯ ಬೋರ್ಡ್ ಇಳಿಸಿದೆ. ಮುಚ್ಚಿದ ಬಚ್ಚಲಿನಲ್ಲಿ ಗ್ಯಾಸ್ ಗೀಜರ್ ಕೂಡಿಸುವುದಿಲ್ಲ ಎಂದು ಗಿರಾಕಿಗಳಿಗೆ ಹೇಳತೊಡಗಿದೆ. ಬಹಳ ಜನ ಬೇರೆಯವರ ಹತ್ತಿರ ಹೋದರು. ಉಸ್ತಾದರು ಡಬ್ಬಿ ಹೊತ್ತುಕೊಂಡು ವಾಪಸ್ ಬರುತ್ತಿದ್ದುದು ಆಗ ಅರ್ಥವಾಯಿತು.

ಐದು ವರ್ಷ ಕಳೆಯಿತು. 2009ರಲ್ಲಿ ಒಂದು ಮದುವೆಯ ಪಂಕ್ತಿಯಲ್ಲಿ ಯಾರೋ ಮಾಸ್ತರರ ಮಗಳ ಮಾತೆತ್ತಿದರು. ಬಿ.ಎಡ್. ಮುಗಿಸಿದ್ದಾಳೆ, ಬಂಗಾರದಂಥ ಹುಡುಗಿ, ಆದರೆ ಮೂರ್ಛೆ ಇದೆಯಂತೆ, ಬಂದ ಎರಡು ಸಂಬಂಧ ತಿರುಗಿ ಹೋದವು, ಇನ್ನೂ ಮಾತ್ರೆ ನುಂಗುತ್ತಾಳಂತೆ ಎಂದರು. ಕೈಯಲ್ಲಿದ್ದ ತುತ್ತು ಇಳಿಯಲಿಲ್ಲ.

ಡಬ್ಬಿಯನ್ನು ನಾನು ಬಚ್ಚಲಿನಿಂದ ಹೊರಗೆ ಹಾಕಿದ್ದೆ. ನನ್ನ ಸುಳ್ಳು ಮಾತ್ರ ಐದು ವರ್ಷ ಆ ಮನೆಯಲ್ಲೇ ಇತ್ತು.

ಮರುದಿನ ಸಂಜೆ ಅವರ ಮನೆಗೆ ಹೋದೆ. ಮಾಸ್ತರರು, ಅವರ ಹೆಂಡತಿ, ಹುಡುಗಿ ಮೂವರೂ ಇದ್ದರು. ನಿಂತೇ ಹೇಳಿದೆ. ಪೆಟ್ಟಿಗೆಯಲ್ಲಿದ್ದ ಕಾಗದದ ಮಾತನ್ನೂ ಹೇಳಿದೆ, ಫ್ರೀ ಸರ್ವಿಸ್ಸಿನ ಮಾತನ್ನೂ ಹೇಳಿದೆ. ಮುನ್ನೂರೈವತ್ತು ರೂಪಾಯಿ ಒಯ್ದಿದ್ದೆ, ಅದನ್ನು ಟೀಪಾಯಿಯ ಮೇಲಿಟ್ಟೆ. ಮಾಸ್ತರರು ಬೈದಿದ್ದರೆ, ಹೊಡೆದಿದ್ದರೆ ಹಗುರಾಗುತ್ತಿತ್ತು. ಅವರು ಗೋಡೆ ನೋಡುತ್ತ ಕೂತರು. ಎಷ್ಟೋ ಹೊತ್ತಿನ ಮೇಲೆ, “ಐದು ವರ್ಷದ ಹಿಂದ ಹೇಳಿದ್ರ...” ಎಂದು ಅಲ್ಲಿಗೇ ನಿಲ್ಲಿಸಿದರು. ತಾಯಿ ಒಳಗೆ ಎದ್ದು ಹೋದಳು. ಆ ಹುಡುಗಿ ಮಾತ್ರ, “ಹಂಗಾದ್ರ ನನಗ ರೋಗ ಇಲ್ಲೇನ್ರಿ ಕಾಕಾ?” ಎಂದು ಕೇಳಿದಳು. ನನಗೆ ಗೊತ್ತಿಲ್ಲವ್ವಾ, ಡಾಕ್ಟರಿಗೆ ಇದನ್ನ ಹೇಳೋಣ ಎಂದೆ.

ಮೂವರೂ ನನ್ನನ್ನು ಕರೆದುಕೊಂಡೇ ಬೇರೊಬ್ಬ ನರರೋಗದ ವೈದ್ಯರ ಹತ್ತಿರ ಹೋದರು. ಅವರು ಬಚ್ಚಲಿನ ಅಳತೆ, ಕಿಟಕಿ, ಎಷ್ಟನೆಯವಳಾಗಿ ಜಳಕಕ್ಕೆ ಹೋದಳು ಎಂಬುದನ್ನೆಲ್ಲ ನನ್ನಿಂದಲೇ ಕೇಳಿ ಬರೆದುಕೊಂಡರು. ಗ್ಯಾಸ್ ಗೀಜರಿನ ಬಚ್ಚಲಿನಲ್ಲಿ ಹೀಗೆ ಬೀಳುವುದನ್ನು ನಮ್ಮ ದೇಶದ ವೈದ್ಯರು ಗುರುತಿಸಿ, ಗ್ಯಾಸ್ ಗೀಜರ್ ಸಿಂಡ್ರೋಮ್ ಎಂದೇ ಹೆಸರಿಟ್ಟು ಬರೆದಿದ್ದಾರೆ ಎಂದು ನನಗೆ ತಿಳಿದದ್ದು ಆಗಲೇ. ಪರೀಕ್ಷೆಗಳಾದವು. ಮಾತ್ರೆಯನ್ನು ಒಮ್ಮೆಲೇ ಬಿಡದೆ ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪ ಇಳಿಸಿ ನಿಲ್ಲಿಸಿದರು. ನಿಮಗಾಗಲಿ, ನಿಮ್ಮವರಿಗಾಗಲಿ ಇಂಥದ್ದಾಗಿದ್ದರೆ ವೈದ್ಯರನ್ನು ಕೇಳದೆ ಮಾತ್ರೆ ಬಿಡಬೇಡಿರಿ. ಆಕೆಗೆ ಮತ್ತೆ ಮೂರ್ಛೆ ಬರಲಿಲ್ಲ. ಈಗ ಶಿಕ್ಷಕಿಯಾಗಿದ್ದಾಳೆ, ಸಂಸಾರಸ್ಥೆ. ಇದನ್ನು ಇಲ್ಲಿ ಹೇಳುತ್ತೇನೆಂದು ಆಕೆಯ ಅಪ್ಪಣೆ ಕೇಳಿಯೇ ಬಂದಿದ್ದೇನೆ. ಹೆಸರು, ಊರು ಹೇಳಬೇಡಿ ಕಾಕಾ, ಉಳಿದದ್ದು ಹೇಳಿ ಎಂದಳು. ಮಾಸ್ತರರು ನನ್ನೊಂದಿಗೆ ಮೊದಲಿನಂತೆ ಮಾತಾಡಲಿಲ್ಲ, ತೀರಿಕೊಳ್ಳುವವರೆಗೂ. ಅದು ಸರಿಯೇ.

ಅಪ್ಪಗಳು ಗಡಿಯಾರ ನೋಡುತ್ತಿದ್ದಾರೆ, ಒಂದೇ ಮಾತು ಹೇಳಿ ಇಳಿಯುತ್ತೇನೆ. ಗ್ಯಾಸ್ ಗೀಜರ್ ಇದ್ದವರು ಇವತ್ತೇ ಮನೆಗೆ ಹೋಗಿ ನೋಡಿರಿ. ಬಚ್ಚಲಿನ ಒಳಗಿದ್ದರೆ ಅದು ಹೊರಗೆ ಬರುವ ತನಕ ಹಚ್ಚಬೇಡಿರಿ. ಒಂದು ವಾರ ಒಲೆಯ ಮೇಲೆ ನೀರು ಕಾಯಿಸಿ ಒಯ್ದರೂ ನಡೆಯುತ್ತದೆ. ತೀರ ಅನಿವಾರ್ಯವಾದರೆ ಬಾಗಿಲು, ಕಿಟಕಿ ತೆರೆದಿಟ್ಟು ಬಕೆಟ್ಟಿಗೆ ನೀರು ತುಂಬಿಸಿ, ಗೀಜರ್ ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ಆಮೇಲೆ ಜಳಕಕ್ಕೆ ಹೋಗಿರಿ. ಯಾರಾದರೂ ಒಳಗೆ ಬಿದ್ದರೆ ಮೊದಲು ಹೊರಗಿನ ಗಾಳಿಗೆ ಎಳೆದು ತನ್ನಿ, ಆಸ್ಪತ್ರೆಯಲ್ಲಿ ಗ್ಯಾಸ್ ಗೀಜರ್ ಇತ್ತು ಎಂಬುದನ್ನು ಎಲ್ಲಕ್ಕಿಂತ ಮೊದಲು ಹೇಳಿರಿ.

ಪ್ರಸಾದ ಆದ ಮೇಲೆ ಕೈ ತೊಳೆಯುವ ನಲ್ಲಿಗಳ ಹತ್ತಿರ ನನ್ನ ಮಗ ಒಂದು ನೋಟ್‌ಬುಕ್ ಹಿಡಿದು ನಿಂತಿರುತ್ತಾನೆ. ನಿಮ್ಮ ಓಣಿ, ಮನೆಯ ಗುರುತು, ಫೋನ್ ನಂಬರ್ ಬರೆಸಿರಿ. ನಾನಾಗಲಿ ಅವನಾಗಲಿ ಬಂದು ನೋಡಿ ಹೋಗುತ್ತೇವೆ. ನೋಡುವುದಕ್ಕೆ ದುಡ್ಡಿಲ್ಲ. ಹೊರಗೆ ಕೂಡಿಸಲು ಪೈಪಿನ ಖರ್ಚು ನಿಮ್ಮದು, ಕೂಲಿ ಬೇಡ. ಬರೆಸುವಾಗ ಮನೆಯಲ್ಲಿ ಕೊನೆಗೆ ಜಳಕ ಮಾಡುವವರು ಯಾರು ಎಂದು ಅವನು ಕೇಳುತ್ತಾನೆ, ಬೇಸರಿಸದೆ ಹೇಳಿರಿ.